ತಕ್ಕಡಿಯ ಮುಂದಿನ ಹಸಿವು ತಪಸ್ಸಲ್ಲ

ಅಹಿಂಸಾಣುವ್ರತಕ್ಕೆ ಶಾಸ್ತ್ರಕಾರರು ಐದು ಅತಿಚಾರಗಳನ್ನು ಹೇಳಿದ್ದಾರೆ. ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬರುವ ಈ ಪಟ್ಟಿಯನ್ನು ಪಾಠಶಾಲೆಯ ಮಕ್ಕಳೂ ಒಪ್ಪಿಸಬಲ್ಲರು. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಶಕ್ತಿಮೀರಿ ಹೊರೆ ಹೇರುವುದು, ಹೊತ್ತಿಗೆ ಸರಿಯಾಗಿ ಅನ್ನನೀರು ದೊರೆಯದಂತೆ ತಡೆಯುವುದು ಎಂದು ಅವುಗಳ ಅರ್ಥ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಕೊನೆಯದನ್ನು ಆಹಾರವಾರಣವೆಂದು ಕರೆದಿದ್ದಾರೆ. ಪ್ರವಚನದಲ್ಲಿ ಈ ಭಾಗ ಬಂದಾಗ ಕೇಳುವವರ ಕಣ್ಣ ಮುಂದೆ ಗಾಡಿಯ ಎತ್ತು, ಕೊಟ್ಟಿಗೆಯ ಎಮ್ಮೆ, ಹೆಚ್ಚೆಂದರೆ ಮನೆಯ ಆಳುಮಗ ಬಂದು ನಿಲ್ಲುತ್ತಾರೆ. ದನಕ್ಕೆ ಮೇವು ತಪ್ಪಿಸಿಲ್ಲ, ಆಳಿಗೆ ಬುತ್ತಿ ತಪ್ಪಿಸಿಲ್ಲ ಎಂಬ ಸಮಾಧಾನದಿಂದ ಶ್ರಾವಕನು ಬಸದಿಯಿಂದ ಹೊರಗೆ ಬರುತ್ತಾನೆ.

ಆದರೆ ಈ ಐದನೆಯ ಅತಿಚಾರವು ಇಂದು ಕೊಟ್ಟಿಗೆಯನ್ನು ಬಿಟ್ಟು ಕಾಲೇಜಿನ ಆಟದ ಮೈದಾನವನ್ನು ಸೇರಿದೆ. ಅಲ್ಲಿ ಅದಕ್ಕೆ ಅತಿಚಾರವೆಂಬ ಹೆಸರಿಲ್ಲ. ಶಿಸ್ತು, ಛಲ, ತ್ಯಾಗ ಎಂಬ ಹೆಸರುಗಳಿವೆ. ಅತ್ಯಂತ ಖೇದದ ಸಂಗತಿಯೆಂದರೆ, ಕೆಲವರ ಬಾಯಲ್ಲಿ ಅದಕ್ಕೆ ತಪಸ್ಸು ಎಂಬ ಹೆಸರೂ ಬಂದಿದೆ.

ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳ ಈ ಗಡಿಸೀಮೆಗೆ ಕುಸ್ತಿ ಹೊಸದಲ್ಲ. ಕೊಲ್ಲಾಪುರದ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನ 1912ರಲ್ಲಿ ಸಿದ್ಧವಾದಾಗ ಅದರ ಹುರುಪು ಕೃಷ್ಣಾ ತೀರದ ಹಳ್ಳಿಗಳಿಗೂ ಹರಿಯಿತು. ಇದೇ ಸೀಮೆಯ ಯಕ್ಸಂಬಾದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ಹಿಂದ್ ಕೇಸರಿಯಾದರು. ಆ ಕಾಲದ ಗರಡಿಮನೆಯಲ್ಲಿ ದೋಷಗಳಿರಲಿಲ್ಲವೆಂದಲ್ಲ. ಆದರೆ ಪೈಲವಾನನು ಹಸಿದಿರಬೇಕೆಂದು ಅಲ್ಲಿ ಯಾರೂ ಹೇಳುತ್ತಿರಲಿಲ್ಲ. ಹಾಲು, ತುಪ್ಪ, ಬಾದಾಮಿಗಳ ಖುರಾಕಿಗೆ ಊರೇ ನೆರವಾಗುತ್ತಿತ್ತು. ಜಾತ್ರೆಯ ಮಣ್ಣಿನ ಕಣದಲ್ಲಿ ಹಿರಿಯರು ಕಣ್ಣಳತೆಯಿಂದಲೇ ಸರಿಜೋಡಿ ಕಟ್ಟುತ್ತಿದ್ದರು. ಮಣ್ಣಿನ ಜಾಗಕ್ಕೆ ಮ್ಯಾಟು ಬಂದಿತು; ಕಣ್ಣಳತೆಯ ಜಾಗಕ್ಕೆ ತೂಕದ ಯಂತ್ರ ಬಂದಿತು. ಬಲವಂತನು ದುರ್ಬಲನ ಮೇಲೆ ಬೀಳಬಾರದೆಂಬ ಸದುದ್ದೇಶದಿಂದಲೇ ತೂಕದ ವಿಭಾಗಗಳು ಹುಟ್ಟಿದವು. ಆ ಸದುದ್ದೇಶದ ಬೆನ್ನಿಗೇ ವಂಚನೆಯೂ ಹುಟ್ಟಿತು. ಮೇಲಿನ ವಿಭಾಗದ ದೇಹವನ್ನು ಎರಡು ದಿನಗಳ ಮಟ್ಟಿಗೆ ಬತ್ತಿಸಿ ಕೆಳಗಿನ ವಿಭಾಗದಲ್ಲಿ ನಿಲ್ಲಿಸುವ ವಿದ್ಯೆಯೇ ಆ ವಂಚನೆ.

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಕೊಕಟನೂರದ ಒಕ್ಕಲುತನದ ಮನೆಯ ಹುಡುಗನೊಬ್ಬ ದಿನವೂ ಬಸ್ಸಿನಲ್ಲಿ ಅಥಣಿಗೆ ಹೋಗಿ ಪದವಿ ಓದುತ್ತಿದ್ದಾನೆ. ಅವನ ತೂಕ 66 ಕಿಲೋ. ಅಂತರ ಕಾಲೇಜು ಪಂದ್ಯಗಳು ಹತ್ತಿರ ಬಂದಿವೆ. 65ರ ವಿಭಾಗದಲ್ಲಿ ಬಲಿಷ್ಠ ಎದುರಾಳಿಯಿದ್ದಾನೆ, 61ರಲ್ಲಿ ಅಷ್ಟು ಪೈಪೋಟಿಯಿಲ್ಲ. ‘ಎರಡ ದಿನ ತಡಕೋ ತಮ್ಮಾ, ಪದಕ ಬಂದ ಮ್ಯಾಲ ಬೇಕಾದಷ್ಟ ಉಣ್ಣುವಂತಿ’ ಎಂದು ತರಬೇತುದಾರರು ಬೆನ್ನು ತಟ್ಟುತ್ತಾರೆ. ಹುಡುಗನು ಊಟ ಬಿಡುತ್ತಾನೆ. ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳುತ್ತಾನೆ. ಸ್ವೆಟರಿನ ಮೇಲೆ ಪ್ಲಾಸ್ಟಿಕ್ ಅಂಗಿ ತೊಟ್ಟು ಮಧ್ಯಾಹ್ನದ ಬಿಸಿಲಿನಲ್ಲಿ ಓಡುತ್ತಾನೆ. ಯಾರೋ ಕೊಟ್ಟ ಮೂತ್ರವರ್ಧಕ ಮಾತ್ರೆಯನ್ನೂ ನುಂಗುತ್ತಾನೆ. ತೂಕ ಮುಗಿದೊಡನೆ ಲೋಟದ ಮೇಲೆ ಲೋಟ ನೀರು ಕುಡಿದು, ಸಿಕ್ಕಿದ್ದನ್ನೆಲ್ಲ ತಿಂದು, ಮರುದಿನ ವಾಂತಿ ಮಾಡುತ್ತಾನೆ. ಒಂದು ಋತುವಿನಲ್ಲಿ ಇದು ನಾಲ್ಕು ಬಾರಿ ನಡೆದರೆ ಅನ್ನದೊಂದಿಗೆ ಆ ಹುಡುಗನ ಸಂಬಂಧ ಶಾಶ್ವತವಾಗಿ ಕೆಡಬಹುದು. ಗುರುತಿನ ಹುಡುಗನೊಬ್ಬನ ಮುಖ ಈ ಕಲ್ಪನೆಯಲ್ಲಿ ಕಾಣದಿದ್ದರೆ ಓದುಗರು ಭಾಗ್ಯವಂತರು.

ಇದು ಎರಡು ದಿನಗಳ ಕಷ್ಟವಷ್ಟೇ, ಪ್ರಾಣಕ್ಕೇನೂ ಅಪಾಯವಿಲ್ಲ ಎನ್ನುವವರು 1997ನೆಯ ಇಸವಿಯನ್ನು ನೆನೆಯಬೇಕು. ಆ ವರ್ಷ ನವೆಂಬರ್ 7ರಿಂದ ಡಿಸೆಂಬರ್ 9ರವರೆಗಿನ 33 ದಿನಗಳಲ್ಲಿ ಅಮೆರಿಕದ ಮೂರು ಕಾಲೇಜುಗಳ ಮೂವರು ಕುಸ್ತಿಪಟುಗಳು ತೂಕ ಇಳಿಸುತ್ತಲೇ ಪ್ರಾಣಬಿಟ್ಟರು. ಅವರ ವಯಸ್ಸು 19, 22 ಮತ್ತು 21. ಮೂವರೂ ಬೆವರು ಹರಿಸಲೆಂದು ಗಾಳಿಯಾಡದ ಉಡುಪು ತೊಟ್ಟು, ನೀರು ಬಿಟ್ಟು, ಕಠಿಣ ವ್ಯಾಯಾಮ ಮಾಡುತ್ತಿದ್ದವರು. ನೀರು ಬತ್ತಿದ ದೇಹದಲ್ಲಿ ರಕ್ತ ಗಟ್ಟಿಯಾಗುತ್ತದೆ, ಲವಣಗಳ ಸಮತೋಲ ತಪ್ಪಿ ಹೃದಯದ ಬಡಿತ ಕೆಡುತ್ತದೆ, ಮೂತ್ರಪಿಂಡಗಳು ಸೋಲುತ್ತವೆ, ಬೆವರಲು ನೀರಿಲ್ಲದೆ ಮೈಕಾವು ಏರುತ್ತದೆ. ಆಸ್ಪತ್ರೆಗಳ ಸೌಕರ್ಯಕ್ಕೆ ಕೊರತೆಯಿಲ್ಲದ ದೇಶದಲ್ಲಿ ಈ ಮೂವರು ಉಳಿಯಲಿಲ್ಲ.

ಸ್ವದೇಶದ ನಿದರ್ಶನ ಇನ್ನೂ ಹಸಿಯಾಗಿದೆ. 2024ರ ಆಗಸ್ಟ್ 6ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವಿನೇಶ್ ಫೋಗಟ್ ಅವರು 50 ಕಿಲೋ ವಿಭಾಗದಲ್ಲಿ ಜಪಾನಿನ ಯುಯಿ ಸುಸಾಕಿಯವರನ್ನೂ ಸೇರಿಸಿ ಮೂವರನ್ನು ಸೋಲಿಸಿ ಅಂತಿಮ ಹಣಾಹಣಿಗೆ ಏರಿದರು. ಅವರು ಹಿಂದೆ 53 ಕಿಲೋ ವಿಭಾಗದಲ್ಲಿ ಸೆಣಸಿದವರು. ಆ ರಾತ್ರಿಯಿಡೀ ತೂಕ ಇಳಿಸುವ ಹೋರಾಟ ನಡೆಯಿತು. ಕೂದಲನ್ನೂ ಕತ್ತರಿಸಿದರು. ಬೆಳಗ್ಗೆ ತಕ್ಕಡಿ 100 ಗ್ರಾಂ ಹೆಚ್ಚು ತೋರಿಸಿತು, ಅವರು ಅನರ್ಹರಾದರು. ನೀರಿನಂಶ ಬತ್ತಿದ ಅವರ ದೇಹಕ್ಕೆ ವೈದ್ಯರು ನಾಳದ ಮೂಲಕ ದ್ರವ ಕೊಡಬೇಕಾಯಿತು. ಅದೇ ವಾರ ಅಮನ್ ಸೆಹ್ರಾವತ್ ಅವರು ಸುಮಾರು ಹತ್ತು ಗಂಟೆಗಳಲ್ಲಿ 4.6 ಕಿಲೋ ಇಳಿಸಿ 57 ಕಿಲೋ ವಿಭಾಗದಲ್ಲಿ ಕಂಚು ಗೆದ್ದರು. ಮೊದಲನೆಯದಕ್ಕೆ ದೇಶ ಅತ್ತಿತು, ಎರಡನೆಯದನ್ನು ಸಾಹಸವೆಂದು ಹೊಗಳಿತು. ಎರಡೂ ಒಂದೇ ಪದ್ಧತಿಯ ಎರಡು ಫಲಗಳೆಂಬುದನ್ನು ನೋಡಿದವರು ಕಡಿಮೆ. ಆ ಇಬ್ಬರು ಕ್ರೀಡಾಪಟುಗಳ ದುಡಿಮೆ ವಂದನೀಯವೇ. ಅವರನ್ನು ಆ ತಕ್ಕಡಿಯ ಮುಂದೆ ಹಾಗೆ ನಿಲ್ಲಿಸಿದ ಪದ್ಧತಿ ಮಾತ್ರ ನಿಂದ್ಯ.

ಇನ್ನು ‘ಇದೂ ಒಂದು ತಪಸ್ಸು’ ಎಂಬ ವಾದವನ್ನು ಪರೀಕ್ಷಿಸಬೇಕು. ಅನಶನ, ಅವಮೌದರ್ಯಗಳನ್ನು ಬಾಹ್ಯ ತಪಸ್ಸುಗಳಲ್ಲಿ ಎಣಿಸಿದ ಧರ್ಮಕ್ಕೆ ಹಸಿವಿನ ಭಯವನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಅದೇ ಧರ್ಮವು ತಪಸ್ಸಿಗೆ ಎಲ್ಲೆಗಳನ್ನೂ ಹಾಕಿದೆ. ತಪಸ್ಸು ಶಕ್ತ್ಯನುಸಾರವಾಗಿರಬೇಕು. ವ್ರತಿಯು ಶಲ್ಯರಹಿತನಾಗಿರಬೇಕು, ಮಾಯೆ, ಮಿಥ್ಯೆ, ನಿದಾನಗಳೆಂಬ ಮೂರು ಮುಳ್ಳುಗಳಲ್ಲಿ ಒಂದೂ ಅವನ ಎದೆಯಲ್ಲಿರಬಾರದು. ಫಲದ ಆಸೆಯೇ ನಿದಾನ. ಪದಕಕ್ಕಾಗಿ ಕೈಗೊಂಡ ಹಸಿವು ಮೊದಲ ಹೆಜ್ಜೆಯಲ್ಲಿಯೇ ನಿದಾನಶಲ್ಯದಿಂದ ಕೂಡಿದೆ. ಒಂದು ತೂಕದ ದೇಹವನ್ನು ಮತ್ತೊಂದು ತೂಕದ್ದೆಂದು ತೋರಿಸುವುದು ಮಾಯೆಯಲ್ಲದೆ ಮತ್ತೇನು? ಮೇಲಾಗಿ ಉಪವಾಸವನ್ನು ಗುರುಗಳ ಇಲ್ಲವೆ ಹಿರಿಯರ ಸಮ್ಮುಖದಲ್ಲಿ, ಕಾಲದ ಮಿತಿಯನ್ನು ಹೇಳಿ ಸ್ವೀಕರಿಸುತ್ತಾರೆ. ಪಾರಣೆ ಯಾವಾಗ ಎಂಬುದು ಮನೆಯವರಿಗೆಲ್ಲ ತಿಳಿದಿರುತ್ತದೆ. ಉಪವಾಸಿಯ ಮನಸ್ಸು ಶಾಂತವಾಗುತ್ತದೆ. ತಕ್ಕಡಿಯ ಹಸಿವಿನಲ್ಲಿ ಇವೊಂದೂ ಇಲ್ಲ. ಅಲ್ಲಿ ಗುಟ್ಟು, ಸಿಡುಕು, ಭಯ, ತನ್ನ ದೇಹದ ಮೇಲೆಯೇ ದ್ವೇಷ. ಹೊರಗೆ ಎರಡೂ ಬರಿಯ ತಟ್ಟೆಯಂತೆಯೇ ಕಾಣುತ್ತವೆ. ಇವನ್ನು ಬೇರ್ಪಡಿಸಿ ನೋಡಲಾರದವನು ಉಪವಾಸವನ್ನೂ ಅರಿತಿಲ್ಲ, ರೋಗವನ್ನೂ ಅರಿತಿಲ್ಲ.

ಈ ಅವಿವೇಕದಿಂದ ಹೆಚ್ಚು ಹಾನಿಯಾಗುವುದು ಹೆಣ್ಣುಮಕ್ಕಳಿಗೆ. ದೂರದ ಓಟ, ಜಿಗಿತ, ಜಿಮ್ನಾಸ್ಟಿಕ್ಸುಗಳಲ್ಲಿ ಮೈ ಹಗುರಾದಷ್ಟೂ ಒಳ್ಳೆಯದೆಂಬ ಮಾತು ಮೈದಾನದಲ್ಲಿ ಅವರ ಕಿವಿಗೆ ಬೀಳುತ್ತದೆ. ತೆಳ್ಳಗಿದ್ದರೆ ವರ ಸಿಗುವನೆಂಬ ಮಾತು ಮನೆಯಲ್ಲಿ ಬೀಳುತ್ತದೆ. ಜೈನರ ಮನೆಯಲ್ಲಿ ಊಟ ಬಿಡುವುದಕ್ಕೆ ಗೌರವದ ನೆಪಗಳು ಸುಲಭವಾಗಿ ದೊರೆಯುತ್ತವೆ. ಇಂದು ಅಷ್ಟಮಿ, ನಾಳೆ ಏಕಾಶನ, ದಶಲಕ್ಷಣ ಪರ್ವದಲ್ಲಿ ಹತ್ತು ದಿನ. ತಾಯಿಗೆ ಮಗಳ ಧರ್ಮಶ್ರದ್ಧೆ ಕಂಡು ಹಿಗ್ಗು. ಮಗಳಿಗೆ ಆ ಹಿಗ್ಗಿನ ಮರೆಯಲ್ಲಿ ಅಡಗಿಕೊಳ್ಳಲು ಅವಕಾಶ. ಮುಟ್ಟು ನಿಂತಿದೆಯೆಂಬುದನ್ನು ಯಾರೂ ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಕೆಟ್ಟ ಆಹಾರಕ್ರಮ, ನಿಂತ ಮುಟ್ಟು, ಟೊಳ್ಳಾದ ಮೂಳೆ ಇವು ಮೂರೂ ಒಂದೇ ಸರಪಳಿಯ ಕೊಂಡಿಗಳೆಂದು ಅಮೆರಿಕದ ಕ್ರೀಡಾವೈದ್ಯರು 1992ರಲ್ಲಿಯೇ ಗುರುತಿಸಿದರು. ದೇಹದ ವ್ಯಯಕ್ಕೆ ತಕ್ಕ ಆಹಾರ ದೊರೆಯದಾಗ ಗಂಡುಮಕ್ಕಳಲ್ಲಿಯೂ ಮೂಳೆ, ಹೃದಯ, ರೋಗನಿರೋಧ ಶಕ್ತಿ, ಮನಸ್ಸು ಇವೆಲ್ಲ ಕುಂದುವುವೆಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಸಾರಿದರು. ಓಟದ ಹುಡುಗಿಯ ಕಾಲಿನ ಮೂಳೆಯಲ್ಲಿ ಕಾರಣವಿಲ್ಲದೆ ಬಿರುಕು ಮೂಡಿದರೆ, ಅವಳ ತಟ್ಟೆಯನ್ನೂ ನೋಡುವುದು ಹಿರಿಯರ ಕರ್ತವ್ಯ.

‘ಅವರು ದೊಡ್ಡವರು, ಸ್ವಂತ ಇಚ್ಛೆಯಿಂದ ಮಾಡಿಕೊಳ್ಳುತ್ತಾರೆ, ಇತರರಿಗೇನು ಹೊಣೆ?’ ಎಂಬುದು ತರಬೇತುದಾರರ ನೆಚ್ಚಿನ ಉತ್ತರ. ಜೈನ ನೀತಿಶಾಸ್ತ್ರದಲ್ಲಿ ಈ ಉತ್ತರಕ್ಕೆ ಸ್ಥಳವಿಲ್ಲ. ಹಿಂಸೆಯು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆ. ತಾನು ಮಾಡಿದ್ದು ಮಾತ್ರವೇ ಲೆಕ್ಕವಲ್ಲ. ಮಾಡಿಸಿದ್ದೂ, ಮಾಡಿದ್ದನ್ನು ಒಪ್ಪಿದ್ದೂ ಲೆಕ್ಕಕ್ಕೆ ಸೇರುತ್ತದೆ. ತಂಡದಲ್ಲಿ ಸ್ಥಾನ, ಕ್ರೀಡಾ ವಸತಿ ನಿಲಯದ ಕೋಣೆ, ಶುಲ್ಕದ ರಿಯಾಯಿತಿ, ಮುಂದೆ ಕ್ರೀಡಾ ಮೀಸಲಾತಿಯ ನೌಕರಿ ಇವೆಲ್ಲ ಒಬ್ಬರ ಮೆಚ್ಚುಗೆಯ ಮೇಲೆ ನಿಂತಿರುವಾಗ ಹತ್ತೊಂಬತ್ತರ ಹುಡುಗನ ಇಚ್ಛೆ ಎಷ್ಟರಮಟ್ಟಿಗೆ ಅವನದು?

ಹಸಿವು ಇಚ್ಛೆಯನ್ನೇ ಕೆಡಿಸುತ್ತದೆ ಎಂಬುದಕ್ಕೆ ಅಹಿಂಸಾವಾದಿಗಳು ತಿಳಿದಿರಬೇಕಾದ ಒಂದು ಪ್ರಯೋಗವಿದೆ. ಎರಡನೆಯ ಮಹಾಯುದ್ಧದಲ್ಲಿ ಕೊಲ್ಲಲಾರೆವೆಂದು ಸೈನ್ಯ ಸೇರಲು ನಿರಾಕರಿಸಿದ 36 ಮಂದಿ ಅಮೆರಿಕದ ತರುಣರು, ಬರಗಾಲಪೀಡಿತರ ಚಿಕಿತ್ಸೆಗೆ ನೆರವಾಗಲೆಂದು, ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಅವರ ಪ್ರಯೋಗಕ್ಕೆ ತಮ್ಮ ದೇಹಗಳನ್ನು ಒಪ್ಪಿಸಿದರು. 1945ರಲ್ಲಿ 24 ವಾರಗಳ ಕಾಲ ಅವರು ಅರೆಹೊಟ್ಟೆಯಲ್ಲಿದ್ದು ದೇಹತೂಕದ ಸುಮಾರು ಕಾಲು ಭಾಗವನ್ನು ಕಳೆದುಕೊಂಡರು. ದೃಢಮನಸ್ಕರಾದ ಆ ತರುಣರು ಕ್ರಮೇಣ ಅನ್ನವನ್ನು ಬಿಟ್ಟು ಬೇರೇನನ್ನೂ ಚಿಂತಿಸಲಾರದವರಾದರು. ಅಡಿಗೆಯ ಪುಸ್ತಕಗಳನ್ನು ಓದುತ್ತ ಕುಳಿತರು, ಸಿಡುಕಿದರು, ಖಿನ್ನರಾದರು, ಜನರಿಂದ ದೂರ ಸರಿದರು. ಮನೋದೌರ್ಬಲ್ಯದಿಂದ ಆಹಾರ ಕೆಡುತ್ತದೆಂದು ಹೇಳುವವರು ಇದನ್ನು ಗಮನಿಸಬೇಕು. ಆಹಾರ ಕೆಟ್ಟಾಗ ಗಟ್ಟಿ ಮನಸ್ಸೂ ಕೆಡುತ್ತದೆ. ಹಾಗೆ ಕೆಟ್ಟ ಮನಸ್ಸಿನ ಒಪ್ಪಿಗೆಯನ್ನು ತೋರಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಹಾಗಾದರೆ ಇಂಥ ವಿದ್ಯಾರ್ಥಿಯನ್ನು ಕಂಡಾಗ ಮಾಡಬೇಕಾದುದೇನು? ಇಲ್ಲಿ ಎರಡು ತಪ್ಪು ದಾರಿಗಳಿವೆ. ಒಂದು, ಸಂಸ್ಥೆಯ ಹೆಸರು ಕೆಟ್ಟೀತೆಂದು, ಮನೆತನದ ಮರ್ಯಾದೆ ಹೋದೀತೆಂದು ಮುಚ್ಚಿಡುವುದು. ಇನ್ನೊಂದು, ಎಲ್ಲರ ಮುಂದೆ ತೂಗಿ, ಹಂಗಿಸಿ, ತಂಡದಿಂದ ಹೊರದೂಡುವುದು. ಮೊದಲ ದಾರಿ ಹಿಡಿದವರು ಸಮ್ಯಗ್ದರ್ಶನದ ಅಂಗವಾದ ಉಪಗೂಹನವನ್ನು ಆಧಾರವಾಗಿ ತೋರಿಸುವುದುಂಟು. ಪರರ ದೋಷವನ್ನು ಬಯಲು ಮಾಡಬಾರದಲ್ಲವೆ ಎಂದು ಅವರ ಪ್ರಶ್ನೆ. ಅವರು ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ವ್ರತಿಯ ವೇಷದಲ್ಲಿ ಬಂದು ರತ್ನವನ್ನು ಕದ್ದವನನ್ನು ಶ್ರೇಷ್ಠಿಯು ಕಾವಲುಗಾರರ ಎದುರು ಕಾಪಾಡಿದ್ದು ನಿಜ. ಆದರೆ ರತ್ನವನ್ನು ಅವನ ಕೈಯಲ್ಲಿ ಉಳಿಸಲಿಲ್ಲ. ಏಕಾಂತದಲ್ಲಿ ಅವನ ದೋಷವನ್ನು ತಿಳಿಸಿಹೇಳದೆ ಬಿಡಲೂ ಇಲ್ಲ. ಉಪಗೂಹನವು ಜನರ ಬಾಯಿಂದ ರಕ್ಷಣೆ, ದೋಷಕ್ಕೆ ರಕ್ಷಣೆಯಲ್ಲ. ಅದರ ಮಗ್ಗುಲಲ್ಲಿಯೇ ಸ್ಥಿತಿಕರಣವೆಂಬ ಇನ್ನೊಂದು ಅಂಗವಿದೆ. ಜಾರುತ್ತಿದ್ದ ಗೆಳೆಯನನ್ನು ವಾರಿಷೇಣ ಮುನಿಗಳು ತೊರೆಯಲಿಲ್ಲ. ಜೊತೆಗೆ ನಡೆದು, ಮತ್ತೆ ನೆಲೆಗೆ ತಂದು ನಿಲ್ಲಿಸಿದರು. ಬಾಯಿ ಮುಚ್ಚಿಕೊಂಡು ಕೈಕಟ್ಟಿ ಕುಳಿತವನಲ್ಲಿ ಈ ಎರಡು ಅಂಗಗಳಲ್ಲಿ ಒಂದೂ ಇಲ್ಲ.

ಎರಡನೆಯ ದಾರಿಯ ಕ್ರೌರ್ಯಕ್ಕೆ ಒಂದೇ ಉದಾಹರಣೆ ಸಾಕು. ಅಮೆರಿಕದ ಜಿಮ್ನಾಸ್ಟ್ ಕ್ರಿಸ್ಟಿ ಹೆನ್ರಿಚ್ ಅವರು, ತೂಕ ಇಳಿಸಬೇಕೆಂದು 1988ರಲ್ಲಿ ತೀರ್ಪುಗಾರರೊಬ್ಬರು ಆಡಿದ ಮಾತನ್ನು ಮನಸ್ಸಿಗೆ ಹಚ್ಚಿಕೊಂಡರು. 1994ರ ಜುಲೈನಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿ, ಆಹಾರ ತ್ಯಜಿಸುವ ರೋಗದಿಂದ ಅಂಗಾಂಗಗಳು ಸೋತು ತೀರಿಕೊಂಡರು. ಮಾತಿನ ಹಿಂಸೆಯನ್ನು ಹಗುರವಾಗಿ ಕಾಣುವವರು ಇದನ್ನು ಮರೆಯಬಾರದು.

ಸರಿಯಾದ ದಾರಿ ಇವೆರಡರ ನಡುವೆ ಸ್ಪಷ್ಟವಾಗಿಯೇ ಇದೆ. ಮೊದಲು ಏಕಾಂತದಲ್ಲಿ, ತೂಕದ ಮಾತೆತ್ತದೆ, ಆರೋಗ್ಯದ ಮಾತಾಗಿ ಕೇಳಬೇಕು. ಕೇಳುವವರು ತಂಡದ ಆಯ್ಕೆ ಮಾಡುವವರಾಗಿರಬಾರದು. ಹೇಳಿದ್ದನ್ನು ಗುಟ್ಟಾಗಿಡಬೇಕು; ಆದರೆ ಪ್ರಾಣಕ್ಕೆ ಕುತ್ತು ಕಂಡಾಗ ವೈದ್ಯರಿಗೂ ತಂದೆತಾಯಿಗಳಿಗೂ ತಿಳಿಸುವೆವೆಂದು ಮೊದಲೇ ಹೇಳಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ರೋಗಿಯ ಗೋಪ್ಯತೆಯನ್ನು ಹಕ್ಕೆಂದು ಹೇಳಿ, ಜೀವಕ್ಕೆ ಬಂದ ಅಪಾಯವನ್ನು ತಡೆಯಲು ಬೇಕಾದಷ್ಟು ಮಾತ್ರ ತಿಳಿಸಲು ಅವಕಾಶ ಕೊಟ್ಟಿದೆ. ಮನೆಯವರು ಹೆದರಿ ಬಲವಂತದಿಂದ ಉಣಿಸಲು ಹೋಗಬಾರದು. ಬಹುಕಾಲ ಹಸಿದ ದೇಹಕ್ಕೆ ಒಮ್ಮೆಲೇ ತುಂಬಿದ ಅನ್ನವೂ ಅಪಾಯಕಾರಿ. ಅದು ವೈದ್ಯರ ಕಣ್ಣಳತೆಯಲ್ಲಿ ನಡೆಯಬೇಕಾದ ಕೆಲಸ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಚಿಕಿತ್ಸೆ ಪಡೆಯುವ ವಿದ್ಯಾರ್ಥಿಯ ಕೋಣೆ, ರಿಯಾಯಿತಿ, ತಂಡದ ಗೆಳೆತನ ಇವನ್ನು ಕಸಿಯಬಾರದು. ಸತ್ಯ ಹೇಳಿದ್ದಕ್ಕೆ ದಂಡ ತೆರಬೇಕಾದ ಕಡೆ ಎರಡನೆಯ ಸಲ ಯಾರೂ ಸತ್ಯ ಹೇಳುವುದಿಲ್ಲ.

‘ಎದುರಾಳಿಗಳೆಲ್ಲ ಹೀಗೆಯೇ ಮಾಡುವಾಗ ಒಂದು ಕಾಲೇಜು ಮಾತ್ರ ಬಿಟ್ಟರೆ ಸೋಲು ಖಂಡಿತ’ ಎಂಬ ಆಕ್ಷೇಪಣೆಯಲ್ಲಿ ಸ್ವಲ್ಪ ಸತ್ಯಾಂಶವಿದೆ. ಆದ್ದರಿಂದಲೇ ಇದನ್ನು ಹುಡುಗರ ಸಂಯಮಕ್ಕೆ ಬಿಡದೆ ನಿಯಮವನ್ನಾಗಿ ಮಾಡಬೇಕು. ಆ ಮೂರು ಸಾವುಗಳ ನಂತರ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎ 1998ರಲ್ಲಿ ರಬ್ಬರ್ ಉಡುಪು, ಬಿಸಿಕೋಣೆ, ಮೂತ್ರವರ್ಧಕಗಳನ್ನು ನಿಷೇಧಿಸಿತು. ತೂಗುವ ಹೊತ್ತನ್ನು ಪಂದ್ಯದ ಸಮೀಪಕ್ಕೆ ತಂದಿತು. ಋತುವಿನ ಆರಂಭದಲ್ಲಿಯೇ ದೇಹದ ಕೊಬ್ಬು ಮತ್ತು ನೀರಿನಂಶವನ್ನು ಪರೀಕ್ಷಿಸಿ ಪ್ರತಿಯೊಬ್ಬನಿಗೂ ಇಳಿಯಬಾರದ ಕನಿಷ್ಠ ತೂಕವನ್ನು ಗೊತ್ತುಮಾಡುವ ಪದ್ಧತಿಯನ್ನು ಜಾರಿಗೆ ತಂದಿತು. ಅದರಿಂದ ಕುಸ್ತಿಯೇನೂ ನಾಶವಾಗಲಿಲ್ಲ. ಮೂತ್ರವರ್ಧಕಗಳು ವಿಶ್ವ ಉದ್ದೀಪನ ನಿಗ್ರಹ ಸಂಸ್ಥೆಯ ನಿಷೇಧಪಟ್ಟಿಯಲ್ಲಿಯೂ ಇವೆ. ಇಂಥ ನಿಯಮವನ್ನು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಅದರ ಕಾಲೇಜುಗಳೂ ಅಂತರ ಕಾಲೇಜು ಪಂದ್ಯಗಳಿಗೆ ಕಟ್ಟುನಿಟ್ಟಾಗಿ ಅನ್ವಯಿಸಬಹುದು. ಅದಕ್ಕೆ ಒಬ್ಬ ವೈದ್ಯ, ಮರೆಯಲ್ಲಿಟ್ಟ ಒಂದು ತಕ್ಕಡಿ ಮತ್ತು ಮನಸ್ಸು ಬೇಕು.

ಸಮಾಜದ ಪಾಲೂ ಇದರಲ್ಲಿ ಕಡಿಮೆಯಿಲ್ಲ. ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು, ‘ಮೂರು ದಿನ ನೀರು ಮುಟ್ಟದೆ ಗೆದ್ದ ವೀರ’ ಎಂದು ವೇದಿಕೆಯಿಂದ ಹೊಗಳಿದಾಗ ಸಭೆಯ ಪ್ರತಿಯೊಂದು ಚಪ್ಪಾಳೆಯೂ ಅನುಮೋದನೆಯೇ ಆಗುತ್ತದೆ. ಆ ಚಪ್ಪಾಳೆಯನ್ನು ಕೇಳಿದ ಮುಂದಿನ ಸಾಲಿನ ಬಾಲಕನು ಅಂದೇ ತಟ್ಟೆಯನ್ನು ದೂರ ಸರಿಸಲು ಕಲಿಯುತ್ತಾನೆ. ಗೆದ್ದವರಿಗೆ ಸತ್ಕಾರ ನಡೆಯಲಿ. ಆದರೆ ಅವರ ಹಸಿವಿನ ವರ್ಣನೆ ಸತ್ಕಾರದ ಭಾಷಣದಲ್ಲಿ ಬಾರದಿರಲಿ.

ಹರಿಯುವ ನೀರನ್ನೂ ಸೋಸಿ ಕುಡಿಯುವ, ಸೂರ್ಯ ಮುಳುಗುವ ಮುನ್ನ ಮಕ್ಕಳಿಗೆ ಉಣಬಡಿಸುವ ಜನ, ಅದೇ ಮಕ್ಕಳು ನೀರಿಲ್ಲದೆ ಬಿಸಿಲಿನಲ್ಲಿ ಓಡುವುದನ್ನು ಕಂಡು ಸುಮ್ಮನಿರುವುದು ಹೇಗೆ? ಎತ್ತಿನ ಬಾಯಿಗೆ ಕುಕ್ಕೆ ಕಟ್ಟಿ ಎರಡು ದಿನ ದುಡಿಸಿದವನನ್ನು ಊರು ಸೈರಿಸುವುದಿಲ್ಲ. ಮುಂದಿನ ಬಾರಿ ಬಸದಿಯಲ್ಲಿ ಐದು ಅತಿಚಾರಗಳ ಪಾಠ ನಡೆಯುವಾಗ, ಅನ್ನಪಾನನಿರೋಧದ ಬಳಿ ಪ್ರವಚನಕಾರರು ಕ್ಷಣಕಾಲ ನಿಲ್ಲಲಿ. ಸಭೆಯಲ್ಲಿ ಕುಳಿತ ಕಾಲೇಜಿನ ಹುಡುಗ ಹುಡುಗಿಯರ ಮುಖಗಳನ್ನು ಒಮ್ಮೆ ನೋಡಲಿ. ಸಭೆ ಮುಗಿದ ಮೇಲೆ ಅವರಲ್ಲಿ ಒಬ್ಬರನ್ನಾದರೂ ಬದಿಗೆ ಕರೆದು, ಇಂದು ಉಂಡೆಯಾ ಎಂದು ಕೇಳಲಿ.